ಹೊನ್ನಾವರಕ್ಕೆ ಹೋಗುವವರು ಭರತ-ಇಳಿತ (ನೀರಿನ ಉಬ್ಬರ-ಇಳಿತ) ಕೇಳಿಕೊಂಡು ಹೋಗಿ

ಹೊನ್ನಾವರವನ್ನು ಹೆಚ್ಚಿನವರು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಗಿಸುತ್ತಾರೆ. ಶರಾವತಿ ಸೇತುವೆ ಬಂತು, ಎರಡು ಫೋಟೋ ತೆಗೆದರು, ಮುರ್ಡೇಶ್ವರಕ್ಕೋ ಗೋಕರ್ಣಕ್ಕೋ ಹೋದರು. ನಾನೂ ಎಷ್ಟೋ ಸಲ ಹಾಗೇ ದಾಟಿ ಹೋಗಿದ್ದೆ. ಈ ಸಲ ಎರಡು ದಿನ ಉಳಿದೆ.

ಮೊದಲೇ ಹೇಳಿಬಿಡುತ್ತೇನೆ. ಹಳೇ ಬಂದರು ಅಂತ ಕೋಟೆ, ಗೋದಾಮು ಹುಡುಕಿಕೊಂಡು ಪೇಟೆ ಸುತ್ತಿದರೆ ಕಾಲು ನೋವು ಬರುತ್ತದೆ, ಅಷ್ಟೇ. ಇಲ್ಲಿ ನೋಡಬೇಕಾದ್ದು ಹೊಳೆ. ಗೇರುಸೊಪ್ಪೆಯ ಕಡೆಯ ಕಾಳುಮೆಣಸು ಇದೇ ಹೊಳೆಯಲ್ಲಿ ಇಳಿದು ಬಂದು ಹಡಗು ಹತ್ತುತ್ತಿತ್ತು. 14ನೇ ಶತಮಾನದಲ್ಲಿ ಬಂದಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ಇದ್ದವು ಎಂದು ಬರೆದಿದ್ದಾನೆ. ಆ ಕಾಲಕ್ಕೆ ಹೆಣ್ಣುಮಕ್ಕಳಿಗೇ 13! 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡಾ ಇಲ್ಲಿದ್ದ ಹಡಗುಗಳಿಗೆ ಬೆಂಕಿ ಇಟ್ಟ. ಐದೇ ವರ್ಷಕ್ಕೆ, ಇಲ್ಲೇ ನೆಲೆ ಮಾಡಿಕೊಂಡಿದ್ದ ಹಡಗುಪಡೆಯ ನಾಯಕ ತಿಮೋಜ ಅದೇ ಪೋರ್ಚುಗೀಸರ ಜೊತೆ ಸೇರಿ ಗೋವಾ ಗೆಲ್ಲಿಸಿಕೊಟ್ಟ. ವ್ಯಾಪಾರದ ಊರು ಅಲ್ವಾ, ಹಗೆ ಜಾಸ್ತಿ ದಿನ ಇಟ್ಟುಕೊಂಡರೆ ನಡೆಯುವುದಿಲ್ಲ.

ಇನ್ನು ನಾನು ಮಾಡಿದ ತಪ್ಪು. ಮಧ್ಯಾಹ್ನ ಸುಮ್ನೆ ದೋಣಿ ಹತ್ತಿದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕವಲಿಗೆ ಹೋಗುತ್ತಿದ್ದಂತೆ ದೋಣಿ ಕೆಸರಿಗೆ ಕೂತಿತು. "ನೀರು ಇಳ್ದದೆ. ಭರತ ಬರೋ ತನ್ಕ ಕೂತ್ಕಳಿ" ಅಂದರು ದೋಣಿಯವರು. ಒಂದೂವರೆ ಗಂಟೆ ಬಿಸಿಲು. ಆದರೆ ಆಚೆ ದಿಬ್ಬದ ಹತ್ತಿರ ಹೆಂಗಸರು ಸೊಂಟದ ಮಟ್ಟದ ನೀರಲ್ಲಿ ನಿಂತು, ಕಾಲಲ್ಲಿ ತಡಕಿ, ಮುಳುಗಿ ಬೆಳಚು, ಅಂದರೆ ತಿನ್ನುವ ಚಿಪ್ಪು, ಹೆಕ್ಕುತ್ತಿದ್ದರು. ಪ್ರತಿಯೊಬ್ಬರ ಸೊಂಟದ ಹಗ್ಗಕ್ಕೂ ಒಂದು ಅಲ್ಯೂಮಿನಿಯಂ ಪಾತ್ರೆ. ಅವರು ಸರಿದತ್ತ ಅದೂ ತೇಲಿಕೊಂಡು ಸರಿಯುತ್ತಿತ್ತು. ಭರತದಲ್ಲಿ ಹೋಗಿದ್ದರೆ ಇದು ಕಾಣುತ್ತಿರಲಿಲ್ಲ, ನಿಜ. ಆದರೂ ನೀವು ಬೆಳಿಗ್ಗೆಯೇ ಫೋನ್ ಮಾಡಿ ನೀರಿನ ಹೊತ್ತು ಕೇಳಿಕೊಳ್ಳಿ. ಟೋಪಿ ಮರೆಯಬೇಡಿ.

ದೋಣಿ ಬೇಡ ಅನ್ನುವವರಿಗೆ ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ಕಾಂಡ್ಲಾ ನಡುವೆ ಮರದ ನಡಿಗೆ ದಾರಿ ಇದೆ. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದೆ. ಚೊಕ್ಕಟವಾಗಿದೆ, ಮಕ್ಕಳಿಗೆ ಚೆನ್ನ.

ಎರಡನೇ ದಿನ ಪೂರ್ತಿ ಗೇರುಸೊಪ್ಪೆಗೆ ಇಡಿ. ಜೋಗದ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಪೋರ್ಚುಗೀಸರು 'ಮೆಣಸಿನ ರಾಣಿ' ಅನ್ನುತ್ತಿದ್ದ ಚೆನ್ನಭೈರಾದೇವಿಯ ಊರು. ಚತುರ್ಮುಖ ಬಸದಿ ಇರುವುದು ಹೊಳೆಯಾಚೆ ಕಾಡಿನಲ್ಲಿ. ನಾಲ್ಕು ದಿಕ್ಕಿಗೂ ಬಾಗಿಲು, ಒಳಗೆ ಜಿನಮೂರ್ತಿಗಳು, ಸುತ್ತ ಬರೀ ಹಕ್ಕಿ ಸದ್ದು. ದೋಣಿ ಇದೆಯೋ ಇಲ್ಲವೋ ಎಂದು ಮೊದಲೇ ವಿಚಾರಿಸಿ. ಅಲ್ಲಿ ಅಂಗಡಿ ಹುಡುಕಬೇಡಿ, ನೀರು, ತಿಂಡಿ ಕಟ್ಟಿಕೊಂಡೇ ಹೋಗಿ. ಮಳೆಗಾಲದಲ್ಲಿ ಬೇಡ. ಡಿಸೆಂಬರ್, ಜನವರಿ ಒಳ್ಳೆಯದು.

ವಾಪಸ್ ಬಂದ ಮೇಲೆ ಪೇಟೆಯ ಯಾವುದಾದರೂ ಸಣ್ಣ ಖಾನಾವಳಿಯಲ್ಲಿ ಬೆಳಚಿನ ಸುಕ್ಕ ಇದೆಯಾ ಕೇಳಿ. ನಾನು ಹೋದಾಗ ಮೂರು ಗಂಟೆ, ಖಾಲಿಯಾಗಿತ್ತು. ಬಂಗಡೆ ತಿಂದು ಬಂದೆ.