ವಿದೇಶಿ ಅರ್ಜಿಗಳ ಪಟ್ಟಿ: ಪೇಟೆಂಟ್ ಕಚೇರಿ ತಾನೇ ನೋಡಿಕೊಳ್ಳುತ್ತದೆ ಅಂತ ಬಿಡಬೇಡಿ

2024ರ ಮಾರ್ಚ್ 15ರಂದು ಪೇಟೆಂಟ್ ನಿಯಮಗಳಿಗೆ ತಿದ್ದುಪಡಿ ಬಂದಾಗಿನಿಂದ ಬೀದರಿನ ಕೊಳಾರ, ಯಾದಗಿರಿಯ ಕಡೇಚೂರಿನ ಔಷಧ ಘಟಕಗಳಲ್ಲೂ ಕಲಬುರಗಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಒಂದೇ ಮಾತು ಕೇಳುತ್ತದೆ: "ಈಗ ಕಂಟ್ರೋಲರ್ ಅವರೇ ಡೇಟಾಬೇಸ್ ನೋಡ್ತಾರಂತಲ್ರಿ, ಮತ್ತ ನಾವ್ಯಾಕ ಲಿಸ್ಟ್ ಇಟ್ಕೊಂಡು ಕೂಡಬೇಕು?" ಮಾತಿನ ಮೊದಲರ್ಧ ನಿಜ: ಕಂಟ್ರೋಲರ್, ಅಂದರೆ ಅರ್ಜಿಯನ್ನು ತೀರ್ಮಾನಿಸುವ ಪೇಟೆಂಟ್ ಕಚೇರಿಯ ಅಧಿಕಾರಿ, ವಿದೇಶಿ ಅರ್ಜಿಗಳ ವಿವರವನ್ನು ಡೇಟಾಬೇಸಿನಲ್ಲಿ ನೋಡುತ್ತಾರೆ. ಎರಡನೆಯ ಅರ್ಧ ನಂಬಿದವರೇ ತೊಂದರೆಗೆ ಸಿಗುವುದು.

ಹಳೆಯ ನಿಯಮದಲ್ಲಿ ಹೊರದೇಶದಲ್ಲಿ ಅರ್ಜಿ ಹಾಕಿದಾಗಲೆಲ್ಲ 6 ತಿಂಗಳೊಳಗೆ ಫಾರ್ಮ್ 3, ಅಂದರೆ ಅದೇ ಆವಿಷ್ಕಾರಕ್ಕೆ ಹೊರದೇಶಗಳಲ್ಲಿ ಹಾಕಿದ ಅರ್ಜಿಗಳ ಪಟ್ಟಿ, ಕೊಡಬೇಕಿತ್ತು. ಕಿರಿಕಿರಿ ಅನಿಸಿದರೂ ಆ ನೆಪದಲ್ಲಿ ಪಟ್ಟಿ ತಾಜಾ ಇರುತ್ತಿತ್ತು. ಈಗ ಮಾಮೂಲಾಗಿ ಎರಡೇ ಸಲ: ಭಾರತದಲ್ಲಿ ಅರ್ಜಿ ಹಾಕಿದ 6 ತಿಂಗಳೊಳಗೆ ಒಮ್ಮೆ, ಮೊದಲ ಪರೀಕ್ಷಾ ವರದಿ, ಅಂದರೆ ಎಫ್‌ಇಆರ್, ಹೊರಟ 3 ತಿಂಗಳೊಳಗೆ ಇನ್ನೊಮ್ಮೆ. ಮಧ್ಯದಲ್ಲಿ ಏನಾಗುತ್ತದೆ ನೋಡಿ. ನಮ್ಮ ಕಡೆಯವರು ಸಾಮಾನ್ಯವಾಗಿ ಮೊದಲು ಚೆನ್ನೈ ಕಚೇರಿಗೆ ಹಾಕುತ್ತಾರೆ, 12ನೇ ತಿಂಗಳಿಗೆ ಪಿಸಿಟಿ (ಹಲವು ದೇಶಗಳಿಗೆ ದಾರಿ ತೆರೆಯುವ ಒಂದೇ ಅಂತರರಾಷ್ಟ್ರೀಯ ಅರ್ಜಿ), 30-31ನೇ ತಿಂಗಳಿಗೆ ಅಮೆರಿಕ, ಯುರೋಪು. ಮೊದಲ ಫಾರ್ಮ್ 3 ಹೋಗುವಾಗ ಪಟ್ಟಿಯಲ್ಲಿ ಬರೆಯಲು ಏನೂ ಇರುವುದಿಲ್ಲ. ನಿಜವಾದ ಅರ್ಜಿಗಳೆಲ್ಲ ಆಮೇಲೆ ಬರುತ್ತವೆ, ಆಗ ಯಾರೂ ಕೇಳುವುದಿಲ್ಲ. ಎಫ್‌ಇಆರ್ ಬಂದ ದಿನ ಹುಡುಕಾಟ ಶುರು. ಅಷ್ಟರಲ್ಲಿ ಕಾಲೇಜಿನ ಪೇಟೆಂಟ್ ಸೆಲ್‌ನ ಸಂಯೋಜಕರು ಬದಲಾಗಿರುತ್ತಾರೆ, ಕಂಪನಿಯ ರೆಗ್ಯುಲೇಟರಿ ವಿಭಾಗದವರು ಹೈದರಾಬಾದಿಗೆ ಹೋಗಿರುತ್ತಾರೆ.

ಇನ್ನೂ ಒಂದು ಬಲೆ ಇದೆ. ಎಫ್‌ಇಆರ್‌ಗೆ ಉತ್ತರ ಕೊಡಲು 6 ತಿಂಗಳು, ಫಾರ್ಮ್ 3ಕ್ಕೆ 3 ತಿಂಗಳು. ವರದಿ ಮೇ 10ಕ್ಕೆ ಹೊರಟಿದ್ದರೆ ಫಾರ್ಮ್ 3 ಆಗಸ್ಟ್ 10ಕ್ಕೆ, ಉತ್ತರ ನವೆಂಬರ್ 10ಕ್ಕೆ. ಹಳೆಯ ರೂಢಿಯಂತೆ ಎರಡನ್ನೂ ಒಂದೇ ಕಂತಿನಲ್ಲಿ ಕಳಿಸೋಣ ಅಂತ ಇಟ್ಟುಕೊಂಡರೆ ಗಡುವು ತಪ್ಪಿತು. ಕ್ಯಾಲೆಂಡರಿನಲ್ಲಿ ಇವೆರಡಕ್ಕೂ ಬೇರೆ ಬೇರೆ ನಮೂದು ಇರಲೇಬೇಕು. ಕಂಟ್ರೋಲರ್ ಕಾರಣ ಬರೆದು ಹೊಸ ಫಾರ್ಮ್ 3 ಕೇಳಿದರೆ ಅದಕ್ಕೆ ಸಿಗುವುದು 2 ತಿಂಗಳು ಮಾತ್ರ.

ಇನ್ನು ಕಚೇರಿ ನೋಡುವ ಡೇಟಾಬೇಸ್ ವಿಚಾರ. ವೈಪೊದ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ) ಕೇಸ್ ಎಂಬ ವ್ಯವಸ್ಥೆಯಲ್ಲಿ ಸದಸ್ಯ ಕಚೇರಿಗಳು ಶೋಧನಾ ವರದಿ, ಪರೀಕ್ಷಾ ಪತ್ರಗಳನ್ನು ಪರಸ್ಪರ ತೆರೆದಿಡುತ್ತವೆ, ಭಾರತವೂ ಅದರಲ್ಲಿದೆ. ಅಮೆರಿಕ, ಯುರೋಪು, ಜಪಾನ್, ಕೊರಿಯಾ, ಚೀನಾ ಕಚೇರಿಗಳ ಅರ್ಜಿ ಕಡತಗಳನ್ನು ಒಟ್ಟಿಗೆ ತೋರಿಸುವುದು ಗ್ಲೋಬಲ್ ಡೋಸಿಯೆ. ಅದನ್ನು ನಾವೂ ಯುರೋಪಿನ ಪೇಟೆಂಟ್ ಕಚೇರಿಯ ಜಾಲತಾಣ ಎಸ್ಪಾಸ್‌ನೆಟ್‌ನಲ್ಲಿ ದುಡ್ಡಿಲ್ಲದೆ ನೋಡಬಹುದು. ಆದರೆ ಅರ್ಜಿ ಪ್ರಕಟವಾಗಲು ಸಾಮಾನ್ಯವಾಗಿ 18 ತಿಂಗಳು ಬೇಕು, ಅಲ್ಲಿಯವರೆಗೆ ಸಾರ್ವಜನಿಕ ಡೇಟಾಬೇಸಿನಲ್ಲಿ ಅದು ಕಾಣುವುದಿಲ್ಲ. ಪ್ರಕಟಣೆಗೆ ಮೊದಲೇ ಹಿಂತೆಗೆದದ್ದು ಎಂದೂ ಕಾಣುವುದಿಲ್ಲ. ಈ ಜಾಲದಲ್ಲಿ ಸೇರದ ದೇಶಗಳ ಕಡತವೂ ಅಷ್ಟೇ. ಕಂಟ್ರೋಲರ್‌ಗೆ ಕಾಣದ್ದನ್ನು ಹೇಳುವ ಹೊಣೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 8ರ ಪ್ರಕಾರ ಇವತ್ತಿಗೂ ಅರ್ಜಿದಾರರದ್ದೇ. ಮೂಲ ಅರ್ಜಿಯಿಂದ ಕವಲೊಡೆದ ಅರ್ಜಿಗಳು, ಅಂದರೆ ಅಮೆರಿಕದ ಕಂಟಿನ್ಯುಯೇಶನ್, ಯುರೋಪಿನ ಡಿವಿಜನಲ್ ಕೂಡ ಪಟ್ಟಿಗೆ ಸೇರಬೇಕು. ಜನ ಹೆಚ್ಚಾಗಿ ಬಿಡುವುದು ಇವನ್ನೇ.

ಮುಚ್ಚಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಅನ್ನುವವರಿಗೆ ಒಂದು ಮಾತು: ಪ್ರಕಟವಾದ ಅರ್ಜಿಯ ಫಾರ್ಮ್ 3 ಅನ್ನು ಭಾರತದ ಪೇಟೆಂಟ್ ಪೋರ್ಟಲಿನಲ್ಲಿ ಯಾರು ಬೇಕಾದರೂ ತೆಗೆದು ನೋಡಬಹುದು. ಪ್ರತಿಸ್ಪರ್ಧಿ ಅದನ್ನು ಗ್ಲೋಬಲ್ ಡೋಸಿಯೆ ಪಕ್ಕ ಇಟ್ಟು ಹೋಲಿಸಲು ಅರ್ಧ ತಾಸು ಸಾಕು. ಸೆಕ್ಷನ್ 25ರಲ್ಲಿ ಆಕ್ಷೇಪಕ್ಕೆ, ಸೆಕ್ಷನ್ 64ರಲ್ಲಿ ಪೇಟೆಂಟ್ ರದ್ದತಿಗೆ ಇದೇ ಒಂದು ಆಧಾರ.

ಕಚೇರಿಗಳ ಯಂತ್ರಗಳು ಒಂದೇ ಆವಿಷ್ಕಾರದ ಅರ್ಜಿಗಳನ್ನು ಒಂದು ಕುಟುಂಬವಾಗಿ ಜೋಡಿಸುವುದು ಪ್ರಯಾರಿಟಿ ಸಂಖ್ಯೆಯ, ಅಂದರೆ ಮೊದಲು ಹಾಕಿದ ಅರ್ಜಿಯ ಸಂಖ್ಯೆಯ, ಮೇಲೆ. ಒಂದು ಅಂಕಿ ತಪ್ಪಿದರೆ ಕೊಂಡಿ ಕಳಚುತ್ತದೆ. ಯುರೋಪಿನ ಶೋಧನಾ ವರದಿ ಅಲ್ಲಿದ್ದೂ ಚೆನ್ನೈನ ಪರೀಕ್ಷಕರಿಗೆ ಸಿಗುವುದಿಲ್ಲ. ತಪ್ಪು ಎಲ್ಲಿ ಹುಟ್ಟುತ್ತದೆ ಅಂದರೆ ಇ-ಫೈಲಿಂಗ್ ರಸೀದಿಯಲ್ಲಿ. ಅದರಲ್ಲಿ ಅರ್ಜಿ ಸಂಖ್ಯೆ, 'ಟೆಂಪ್' ಅಂತ ಶುರುವಾಗುವ ತಾತ್ಕಾಲಿಕ ಸಂಖ್ಯೆ, ಶುಲ್ಕ ಕಟ್ಟಿದ್ದಕ್ಕೆ ಸಿಗುವ ಸಿಬಿಆರ್ ಸಂಖ್ಯೆ ಎಲ್ಲ ಅಕ್ಕಪಕ್ಕದಲ್ಲೇ ಇರುತ್ತವೆ. ಬೇಕಾದದ್ದು 12 ಅಂಕಿಯದು: ಮೊದಲ ನಾಲ್ಕು ವರ್ಷ, ಐದನೆಯದು ಕಚೇರಿ (ಚೆನ್ನೈಗೆ 4), ಆರನೆಯದು ಅರ್ಜಿಯ ಬಗೆ (ಸಾದಾ ಅರ್ಜಿಗೆ 1, ಪಿಸಿಟಿಯಿಂದ ಬಂದದ್ದಕ್ಕೆ 7), ಉಳಿದದ್ದು ಕ್ರಮಸಂಖ್ಯೆ. ಕರ್ನಾಟಕದ ಅರ್ಜಿದಾರರು 2024ರಲ್ಲಿ ಹಾಕಿದ ಸಾದಾ ಅರ್ಜಿ 202441 ಅಂತ ಶುರುವಾಗದಿದ್ದರೆ ರಸೀದಿ ಮತ್ತೆ ನೋಡಿ.

ಎಕ್ಸೆಲ್‌ನಲ್ಲಿ ಪಟ್ಟಿ ಇಡುವವರು ಕಾಲಂ ಅನ್ನು ಮೊದಲೇ 'ಟೆಕ್ಸ್ಟ್' ಮಾಡಿಕೊಳ್ಳಿ. ಇಲ್ಲದಿದ್ದರೆ 12 ಅಂಕಿಯ ಸಂಖ್ಯೆ 2.02441ಇ+11 ಅಂತ ಕಾಣುತ್ತದೆ, ಅದನ್ನೇ ಕಾಪಿ ಮಾಡಿ ಏಜೆಂಟರಿಗೆ ಕಳಿಸುವವರೂ ಇದ್ದಾರೆ. ಚೀನಾ, ಯುರೋಪಿನ ಸಂಖ್ಯೆಯಲ್ಲಿ ಚುಕ್ಕಿಯಾದ ಮೇಲೆ ಒಂದು ತಾಳೆ ಅಂಕಿ ಇರುತ್ತದೆ, ಅದನ್ನು ದಶಮಾಂಶ ಅಂತ ತಿಳಿದು ಕತ್ತರಿಸಬೇಡಿ. ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 05/06 ನಮಗೆ ಜೂನ್, ಅಮೆರಿಕದವರಿಗೆ ಮೇ.

ಪ್ರಯಾರಿಟಿ ದಾಖಲೆಯ ದೃಢೀಕೃತ ಪ್ರತಿಯನ್ನು ಈಗ ಕಾಗದದಲ್ಲಿ ಅಂಚೆಗೆ ಹಾಕಬೇಕಿಲ್ಲ. ಕಚೇರಿಗಳ ನಡುವೆ ಈ ಪ್ರತಿಗಳನ್ನು ಡಿಜಿಟಲ್ ಆಗಿ ಹಂಚುವ ವೈಪೊದ ಡಾಸ್ ಸೇವೆಯಲ್ಲಿ ಭಾರತ 2018ರಿಂದ ಇದೆ. ಇ-ಫೈಲಿಂಗ್ ಮೂಲಕ ಕೋರಿದರೆ ಕಚೇರಿ ಪ್ರತಿಯನ್ನು ಅಲ್ಲಿ ಲಭ್ಯ ಮಾಡುತ್ತದೆ, ನಿಮ್ಮ ಕೈಗೆ ನಾಲ್ಕು ಅಕ್ಷರದ ಆಕ್ಸೆಸ್ ಕೋಡ್ ಬರುತ್ತದೆ. ವಿದೇಶಿ ಅರ್ಜಿಯಲ್ಲಿ ದೇಶದ ಕೋಡ್, ಸಂಖ್ಯೆ, ದಿನಾಂಕ, ಈ ಕೋಡ್ ನಾಲ್ಕೂ ಹೊಂದಿದರೆ ಮಾತ್ರ ಆ ಕಚೇರಿ ಪ್ರತಿಯನ್ನು ಎಳೆದುಕೊಳ್ಳುತ್ತದೆ. ಪಿಸಿಟಿಯಲ್ಲಿ ಪ್ರಯಾರಿಟಿ ದಾಖಲೆ ಕೊಡುವ ಗಡುವು ಪ್ರಯಾರಿಟಿ ದಿನಾಂಕದಿಂದ 16 ತಿಂಗಳು. ದಾಖಲೆ ತಲುಪಿದ ಮೇಲೆ ವೈಪೊದ ಅಂತರರಾಷ್ಟ್ರೀಯ ಬ್ಯೂರೋದಿಂದ ಪಿಸಿಟಿ/ಐಬಿ/304 ಎಂಬ ಪತ್ರ ಬರುತ್ತದೆ. ಅದು ಕೈಸೇರುವ ತನಕ ಈ ಕೆಲಸಕ್ಕೆ ಪಟ್ಟಿಯಲ್ಲಿ ಟಿಕ್ ಹಾಕಬೇಡಿ. ಕೋಡ್ ಬಂದ ಇಮೇಲ್ ಏಜೆಂಟರ ಡಬ್ಬಿಯಲ್ಲೇ ಉಳಿದು, 15ನೇ ತಿಂಗಳಲ್ಲಿ ಹುಡುಕುವಂತಾಗುವುದು ಬಹಳ.

ಪ್ರೊವಿಜನಲ್, ಅಂದರೆ ಪೂರ್ಣ ವಿವರಣೆಗೆ ಮೊದಲಿನ ತಾತ್ಕಾಲಿಕ ವಿವರಣೆ, ಹಾಕಿದವರು ಇನ್ನಷ್ಟು ಎಚ್ಚರ ಇರಬೇಕು. ತೊಗರಿ ಬೇಳೆ ಒಡೆಯುವ ಯಂತ್ರದ ಪ್ರೊವಿಜನಲ್ ಈಗ ಹಾಕಿ, ಹನ್ನೆರಡು ತಿಂಗಳೊಳಗೆ ರೋಲರಿನ ಹೊಸ ವಿನ್ಯಾಸ ಸೇರಿಸಿ ಕಂಪ್ಲೀಟ್ (ಪೂರ್ಣ ವಿವರಣೆ) ಹಾಕಿದರೆ ಭಾರತದಲ್ಲಿ ಅರ್ಜಿ ಸಂಖ್ಯೆ ಬದಲಾಗುವುದಿಲ್ಲ. ಆದರೆ ಹೊಸ ರೋಲರಿಗೆ ಪ್ರೊವಿಜನಲ್‌ನ ದಿನಾಂಕ ಸಿಗುವುದಿಲ್ಲ. ಪ್ರತಿ ಕೋರುವಾಗ ಅದರಲ್ಲಿ ಯಾವ ವಿವರಣೆ ಸೇರಿದೆ ಅಂತ ಪುಟ ತಿರುವಿ ನೋಡಬೇಕು.

ಹೊರದೇಶದ ವಿಶ್ವವಿದ್ಯಾಲಯದೊಡನೆ ಸೇರಿ ಕೆಲಸ ಮಾಡುವ ಅಧ್ಯಾಪಕರಿಗೆ ಸೆಕ್ಷನ್ 39 ಇದೆ: ಹೊರದೇಶದಲ್ಲಿ ಅರ್ಜಿ ಹಾಕುವ ಮೊದಲು ಭಾರತದ ನಿವಾಸಿ ಇಲ್ಲಿ ಅರ್ಜಿ ಹಾಕಿ 6 ವಾರ ಕಾಯಬೇಕು, ಇಲ್ಲವೇ ಫಾರ್ಮ್ 25ರಲ್ಲಿ ಅನುಮತಿ ಪಡೆಯಬೇಕು. ಅಲ್ಲಿಯವರು ಮೊದಲು ಹಾಕಿಬಿಟ್ಟರೆ ಪ್ರಕಟಣೆಯಲ್ಲಿ ಕಲಬುರಗಿಯ ವಿಳಾಸ ಅಚ್ಚಾಗಿರುತ್ತದೆ, ಚೆನ್ನೈ ಕಚೇರಿಗೂ ಅದು ಕಾಣುತ್ತದೆ.

ಅಮೆರಿಕದ ಕಡೆಯೂ ಇದೇ ಕಥೆ. ಅಲ್ಲಿನ ಪರೀಕ್ಷಕರಿಗೆ ಗ್ಲೋಬಲ್ ಡೋಸಿಯೆ ತೆರೆದಿದ್ದರೂ ಐಡಿಎಸ್, ಅಂದರೆ ಅರ್ಜಿದಾರರಿಗೆ ಗೊತ್ತಿರುವ ಸಂಬಂಧಿತ ದಾಖಲೆಗಳ ಪಟ್ಟಿ, ಸಲ್ಲಿಸುವ ಹೊಣೆ ತಪ್ಪುವುದಿಲ್ಲ. ಚೆನ್ನೈನ ಎಫ್‌ಇಆರ್‌ನಲ್ಲಿ ಹೊಸ ಪೂರ್ವಕಲೆಯ (ಆವಿಷ್ಕಾರಕ್ಕೆ ಮೊದಲೇ ಇದ್ದ ತಂತ್ರಜ್ಞಾನದ) ದಾಖಲೆ ಬಂದರೆ ಅದನ್ನು ಅದೇ ವಾರ ಅಲ್ಲಿಯ ಅಟಾರ್ನಿಗೆ ಕಳಿಸಿ. ಅಲ್ಲಿ ಅದನ್ನು ಕೊಡಲು 3 ತಿಂಗಳ ಲೆಕ್ಕ ಆಗಲೇ ಓಡುತ್ತಿರುತ್ತದೆ.