ಎರಡು ಒತ್ತಿದೆ, ಯಾರಿಗೂ ಕೇಳಿಸಲಿಲ್ಲ

ಮಾರ್ಚ್ 12, 2024, ಮಂಗಳವಾರ

ಇವತ್ತು ಒಂದೇ ಗೆಸ್ಟನ್ನು (ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿನೊಳಗಿನ ಒಂದು ವರ್ಚುವಲ್ ಮೆಷೀನನ್ನು) ಆರು ಸಲ ಐಪಿಎಲ್ ಮಾಡಿದೆ. ಮೇನ್‌ಫ್ರೇಮಿನವರು ಬೂಟ್ ಅನ್ನುವುದಿಲ್ಲ, ಐಪಿಎಲ್ ಅಂತಲೇ ಅನ್ನುತ್ತಾರೆ.

ಒಂದೇ ಮೇನ್‌ಫ್ರೇಮಿನಲ್ಲಿ ಇಂಥ ಹಲವು ಗೆಸ್ಟುಗಳನ್ನು ಓಡಿಸುವ ಝಡ್/ವಿಎಂ ಮೇಲಿನ ಲಿನಕ್ಸ್ ಅದು. ನಿನ್ನೆ ಹೊಸ ಕರ್ನಲ್ (ಲಿನಕ್ಸಿನ ತಿರುಳು) ಹಾಕುವಾಗ ಸಿಸ್ಟಮ್ ಇರುವ ರೂಟ್ ಡಿಸ್ಕಿನ ನಂಬರ್ ತಪ್ಪಾಗಿ ಬರೆದಿದ್ದೆ. ಬೆಳಿಗ್ಗೆ ಐಪಿಎಲ್ ಮಾಡಿ ನೋಡಿದರೆ ಪ್ಯಾನಿಕ್, ಅಂದರೆ ಕರ್ನಲ್ ಮುಂದೆ ಹೋಗಲಾರದೆ ನಿಂತಿದೆ. ಶುರುವಿನಲ್ಲಿ ಬರುವ ಬೂಟ್ ಮೆನುವಿನಲ್ಲಿ ಎರಡನೆಯದು ಹಳೇ ಕರ್ನಲ್ ಅಲ್ವಾ, ಅಂತ ಮತ್ತೆ ಐಪಿಎಲ್ ಮಾಡಿ 2 ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಮೆನು ಕಾಯುವ 15 ಸೆಕೆಂಡ್ ಮುಗಿದು ಅದೇ ಕೆಟ್ಟ ಕರ್ನಲ್ ಹೊರಟಿತು.

ಮೆನುವಿನ ಅಡಿಯಲ್ಲೇ ಬರೆದಿತ್ತು, ನಾನೇ ಓದಿರಲಿಲ್ಲ. ವಿಎಂನಲ್ಲಿ ಸುಮ್ನೆ 2 ಅಂದರೆ ಸಾಲದು, ‘#ಸಿಪಿ ವಿಐ ವಿಎಂಎಸ್‌ಜಿ 2’ ಅನ್ನಬೇಕು. ಅಂದರೆ ಮಾತು ಮೊದಲು ಗೆಸ್ಟುಗಳನ್ನು ಓಡಿಸುವ ಹೈಪರ್‌ವೈಸರ್ ಆದ ಸಿಪಿಗೆ. ಅದು ಗೆಸ್ಟಿಗೆ ದಾಟಿಸುತ್ತದೆ. ನಂಬರ್ ಆದಮೇಲೆ ಕರ್ನಲ್ ಪ್ಯಾರಾಮೀಟರುಗಳನ್ನೂ (ಹೊರಡುವಾಗ ಕರ್ನಲ್‌ಗೆ ಕೊಡುವ ಸೂಚನೆಗಳು) ಸೇರಿಸಬಹುದು. ಆದರೆ 15 ಸೆಕೆಂಡಿನಲ್ಲಿ ಅಷ್ಟೆಲ್ಲ ಟೈಪ್ ಮಾಡುವವರು ನನಗಿಂತ ಚುರುಕಾಗಿರಬೇಕು.

ಹಾಗಾಗಿ ಮೂರನೇ ಸಲ ಮೆನುವಿನ ಗೊಡವೆಗೇ ಹೋಗಲಿಲ್ಲ. ‘ಐಪಿಎಲ್ 200 ಲೋಡ್‌ಪಾರ್ಮ್ 2’ (200 ಅಂದರೆ ಬೂಟ್ ಡಿಸ್ಕ್, 2 ಅಂದರೆ ಮೆನುವಿನ ಎರಡನೆಯದು) ಅಂದೆ, ಹಳೇ ಕರ್ನಲ್ ಎದ್ದಿತು. ಲೋಡ್‌ಪಾರ್ಮ್‌ಗೆ ಎಂಟೇ ಅಕ್ಷರದ ಜಾಗ. ನಂಬರ್ ಹಾಕಬಹುದು, ಇಲ್ಲವೇ ಮೆನು ತೋರಿಸು ಅನ್ನಲು ‘ಪ್ರಾಂಪ್ಟ್’. ಪ್ಯಾರಾಮೀಟರ್ ಕೊಡಲು ‘ಪಾರ್ಮ್’ ಬೇರೆಯೇ ಇದೆ, ಅದಕ್ಕೆ 64 ಅಕ್ಷರ. ಅಲ್ಲಿ ಮೊದಲ ಅಕ್ಷರ ಸಮ ಚಿಹ್ನೆಯಾದರೆ ಡಿಸ್ಕಿನಲ್ಲಿದ್ದ ಸಾಲನ್ನು ಪೂರ್ತಿ ಬಿಟ್ಟು ನಾವು ಕೊಟ್ಟದ್ದನ್ನಷ್ಟೇ ತಗೊಳ್ಳುತ್ತದೆ. ಇಲ್ಲದಿದ್ದರೆ ಕೊನೆಗೆ ಅಂಟಿಸುತ್ತದೆ. (ಇನ್‌ಸ್ಟಾಲ್ ಮಾಡುವಾಗ ಇದೇ ಪ್ಯಾರಾಮೀಟರುಗಳು ಹಳೇ ಪಂಚ್ ಕಾರ್ಡ್ ಯಂತ್ರದ ನಕಲಾದ ವರ್ಚುವಲ್ ಕಾರ್ಡ್ ರೀಡರಿನಿಂದ ಬರುತ್ತವೆ, ಸಾಲಿಗೆ 80 ಅಕ್ಷರ. ಇಲ್ಲದ ಕಾರ್ಡಿಗೆ ಅಳತೆ ಮಾತ್ರ ಉಳಿದಿದೆ.)

ಆಮೇಲೆ ಬೂಟಿಗೆ ಡಿಸ್ಕನ್ನು ಸಜ್ಜುಮಾಡುವ ಝಿಪಲ್ ಎಂಬ ಪ್ರೋಗ್ರಾಮಿನ ಕಾನ್ಫಿಗ್ ಫೈಲಿನಲ್ಲಿ ಡಿಸ್ಕಿನ ನಂಬರ್ ಸರಿಮಾಡಿ, ಜಂಬದಿಂದ ರೀಬೂಟ್ ಮಾಡಿದೆ. ಮತ್ತೆ ಪ್ಯಾನಿಕ್!

ಝಿಪಲ್ ಓಡಿಸುವುದನ್ನೇ ಮರೆತಿದ್ದೆ. ಬೂಟ್ ಆಗುವಾಗ ಲೋಡರ್ (ಕರ್ನಲನ್ನು ಡಿಸ್ಕಿನಿಂದ ಎತ್ತುವ ಪುಟ್ಟ ಪ್ರೋಗ್ರಾಮು) ಆ ಫೈಲನ್ನು ಓದುವುದೇ ಇಲ್ಲ. ಅದಕ್ಕೆ ಫೈಲ್ ಸಿಸ್ಟಮ್ ಅಂದರೇನು ಅಂತಲೇ ತಿಳಿಯದು. ಕರ್ನಲ್ ಡಿಸ್ಕಿನ ಯಾವ ಯಾವ ಬ್ಲಾಕಿನಲ್ಲಿದೆ ಅನ್ನುವ ಪಟ್ಟಿಯನ್ನು ಝಿಪಲ್ ಮೊದಲೇ ಬರೆದಿಟ್ಟಿರುತ್ತದೆ, ಪ್ಯಾರಾಮೀಟರುಗಳೂ ಅದರ ಜೊತೆಗೇ. ಲೋಡರ್ ಕಣ್ಣುಮುಚ್ಚಿ ಅದನ್ನೇ ಎತ್ತುತ್ತದೆ. ಫೈಲನ್ನು ತಾನೇ ಓದಿಕೊಳ್ಳುವ ಗ್ರಬ್ ಎಂಬ ಲೋಡರನ್ನು ಕಂಡು ಬೆಳೆದ ನನಗೆ ಇದು ಇನ್ನೂ ಕೈಗೆ ಹತ್ತಿಲ್ಲ.

ಐದನೇ ಸಲ ಮತ್ತೆ ಲೋಡ್‌ಪಾರ್ಮ್ 2. ಮೆನು ಕಾಯುವ ಟೈಮ್‌ಔಟನ್ನು 60 ಸೆಕೆಂಡ್ ಮಾಡಿದೆ, ಝಿಪಲ್ ಓಡಿಸಿದೆ, ಅದು ಮುಗಿದದ್ದನ್ನು ಕಣ್ಣಾರೆ ನೋಡಿದೆ. ಆರನೆಯದಕ್ಕೆ ಹೊಸ ಕರ್ನಲ್ ಲಾಗಿನ್ ಕೇಳಿತು.