ಕೆವಿನ್‌ನ ತಾಯಿಯನ್ನು ಎಷ್ಟು ನಂಬಬೇಕು?

ಲಯನೆಲ್ ಶ್ರೈವರ್ ಅವರ ‘ವಿ ನೀಡ್ ಟು ಟಾಕ್ ಅಬೌಟ್ ಕೆವಿನ್’ 2003ರಲ್ಲಿ ಪ್ರಕಟವಾಗಿ, 2005ರಲ್ಲಿ ಆರೆಂಜ್ ಪ್ರಶಸ್ತಿ (ಲೇಖಕಿಯರ ಕಾದಂಬರಿಗಳಿಗೆ ಸಲ್ಲುವ ಬ್ರಿಟನ್ನಿನ ಬಹುಮಾನ) ಪಡೆದ ಕಾದಂಬರಿ. ಅದರ ಓದುಗರು ಎರಡು ಪಂಗಡಗಳಾಗಿ ಒಡೆದಿದ್ದಾರೆ. ತನ್ನ ಶಾಲೆಯಲ್ಲೇ ಕೊಲೆಗಳನ್ನು ನಡೆಸಿದ ಹುಡುಗ ಕೆವಿನ್ ಹುಟ್ಟಿನಿಂದಲೇ ಕ್ರೂರಿ ಎಂದು ಕೆಲವರು ವಾದಿಸಿದರೆ, ಮಗು ಬೇಕೋ ಬೇಡವೋ ಎಂಬ ಅನುಮಾನದಲ್ಲೇ ಬಸಿರಾದ ತಾಯಿ ಈವಾಳ ತಣ್ಣನೆಯ ಮನಸ್ಸೇ ಅವನನ್ನು ಹಾಗೆ ರೂಪಿಸಿತು ಎಂಬುದು ಉಳಿದವರ ತೀರ್ಮಾನ.

ಇಷ್ಟು ವಿರುದ್ಧವಾದ ತೀರ್ಪುಗಳಿಗೆ ಎಡೆಗೊಟ್ಟದ್ದು ಅದರ ನಿರೂಪಣೆಯೇ ಎಂದು ನನಗೆ ತೋರುತ್ತದೆ. ಇಡೀ ಕಥೆ ಈವಾ ತನ್ನ ಗಂಡ ಫ್ರಾಂಕ್ಲಿನ್‌ಗೆ ಬರೆಯುವ ಪತ್ರಗಳಲ್ಲಿದೆ. ಮಗ ಶಾಲೆಯಲ್ಲಿ ನಡೆಸಿದ ಕೊಲೆಗಳ ನಂತರ ಹಿಂದಿನದನ್ನೆಲ್ಲ ನೆನೆಯುವ ತಾಯಿಗೆ ತೊಟ್ಟಿಲ ಕೂಸಿನ ಅಳುವೂ ಹಗೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅವಳ ಮಾತನ್ನು ಅಲ್ಲಗಳೆಯುವ ಗಂಡನ ಉತ್ತರ ಒಂದೂ ನಮಗೆ ಸಿಗುವುದಿಲ್ಲ. (ಏಕೆಂಬುದನ್ನು, ಇನ್ನೂ ಓದದವರ ಸಲುವಾಗಿ, ಇಲ್ಲಿ ಹೇಳಲಾರೆ.)

ಈವಾಳನ್ನು ದ್ವೇಷಿಸುವ ಓದುಗರ ಬಗ್ಗೆ ಮಾತ್ರ ನನಗೆ ತಕರಾರಿದೆ. ಸಿಟ್ಟಿನಲ್ಲಿ ಮಗನನ್ನು ಎಸೆದು ಅವನ ತೋಳು ಮುರಿದದ್ದನ್ನು ಅವಳೇ ಒಪ್ಪಿಕೊಳ್ಳುತ್ತಾಳೆ. ಆ ಪ್ರಾಮಾಣಿಕತೆಯನ್ನೇ ಅವಳ ವಿರುದ್ಧ ಸಾಕ್ಷಿಯಾಗಿಸುವವರು, ಮಗನ ಪ್ರತಿಯೊಂದು ದುಷ್ಟತನಕ್ಕೂ ನೆಪ ಹುಡುಕುವ ಫ್ರಾಂಕ್ಲಿನ್‌ನನ್ನು ಸುಲಭವಾಗಿ ಕ್ಷಮಿಸಿಬಿಡುತ್ತಾರೆ. ಇದೇ ಕಾದಂಬರಿಯನ್ನು ಆಧರಿಸಿದ, ಲಿನ್ ರಾಮ್ಸೆ ನಿರ್ದೇಶನದ 2011ರ ಚಲನಚಿತ್ರ ಪತ್ರಗಳನ್ನು ಕೈಬಿಟ್ಟಿತು. ಈವಾಳ ಪಾತ್ರದಲ್ಲಿ ಟಿಲ್ಡಾ ಸ್ವಿಂಟನ್ ಅವರ ಅಭಿನಯ ಎಷ್ಟೇ ಗಾಢವಾಗಿದ್ದರೂ, ನಿರೂಪಕಿಯನ್ನು ಸಂದೇಹಿಸುವ ಓದುಗನ ಆ ಅವಕಾಶ ಅಲ್ಲಿ ಬಹಳಷ್ಟು ಕಿರಿದಾಗಿದೆ.